ಹೆಸರು ಹೇಳಿ ಡಂಗುರ ಹೊಡೆದ ಫಕ್ಕೀರವ್ವ

ಹುಣಸಿಕೊಪ್ಪದಲ್ಲಿ ಇನ್ನೂ ಮಬ್ಬುಗತ್ತಲೆ. ಭತ್ತದ ಗದ್ದೆಗಳ ಮೇಲೆ ಮಂಜು ಕೂತಿದೆ. ಅಕ್ಕಿಆಲೂರಿನ ಮೊದಲ ಬಸ್ಸು ಬರುವುದಕ್ಕೆ ಹೊತ್ತಿದೆ. ಚಾವಡಿಯ ಕಟ್ಟೆ ಗುಡಿಸಿ ಮುಗಿಸಿದ ಫಕ್ಕೀರವ್ವ ಮೂಲೆಯಲ್ಲಿ ಒಂದು ಹಿಡಿ ಒಣಹುಲ್ಲಿಗೆ ಕಡ್ಡಿ ಗೀರುತ್ತಾರೆ. ಆ ಉರಿಗೆ ಡಂಗುರದ ಹಲಗೆಯನ್ನು ಹಿಡಿದು, ತಿರುಗಿಸಿ, ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಥಂಡಿಗೆ ಸಡಿಲಾದ ಚರ್ಮ ಬಿಗಿಯಬೇಕು.

"ಚಳಿಗಾಲದಾಗ ಹಲಗಿನೂ ಮುದುಕಿ ಆಕ್ಕತ್ರಿ, ನನ್ನಂಗ," ಎಂದು ನನ್ನ ಕಡೆ ನೋಡಿ ನಗುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಡುತ್ತಾರೆ. ಇಂದಿನ ಸುದ್ದಿ ದನಗಳ ಕಾಲುಬಾಯಿ ಬೇನೆಗೆ ಲಸಿಕೆ. ಪ್ರತಿ ಓಣಿಯ ತಿರುವಿನಲ್ಲಿ ನಿಂತು ಹಲಗೆ ಬಾರಿಸಿ, "ಕೇಳ್ರಪೋ ಕೇಳ್ರಿ" ಎಂದು ಎತ್ತಿದ ದನಿಗೆ ಕೊಟ್ಟಿಗೆಯಿಂದ ಒಬ್ಬೊಬ್ಬರೇ ತಲೆ ಹೊರಹಾಕುತ್ತಾರೆ. ಇದೇ ಸುದ್ದಿ ಊರಿನ ವಾಟ್ಸಾಪ್ ಗುಂಪಿಗೆ ನಿನ್ನೆಯೇ ಬಂದಿದೆ. ಆದರೆ ದನ ಕಟ್ಟುವ ಮುದುಕರ ಕೈಯಲ್ಲಿ ಅಂಥ ಫೋನಿಲ್ಲ. ಅವರಿಗೆ ಸರ್ಕಾರವೆಂದರೆ ಇಂದಿಗೂ ಫಕ್ಕೀರವ್ವನ ದನಿ.

ಹಾನಗಲ್ಲ ತಾಲೂಕಿನ ಈ ಊರಿಗೆ ಫಕ್ಕೀರವ್ವ ವಾಲಿಕಾರ್ತಿ. ಕಾಗದದಲ್ಲಿ ಆಕೆ ಗ್ರಾಮ ಸಹಾಯಕಿ. ಕಂದಾಯದ ನೋಟಿಸು ಮುಟ್ಟಿಸುವುದು, ಅಳತೆಗೆ ಬಂದವರ ಸರಪಳಿ ಹಿಡಿಯುವುದು, ಮಳೆಗೆ ಬಿದ್ದ ಮನೆ ತೋರಿಸುವುದು, ಚುನಾವಣೆ ಬಂದರೆ ಮತಗಟ್ಟೆ ತೊಳೆಯುವುದು, ಎಲ್ಲವೂ ಆಕೆಯ ಕೆಲಸ. ಸಿಗುವುದು ಸಂಬಳವಲ್ಲ, ಗೌರವಧನ. ರಜೆಯಿಲ್ಲ, ಮುಂದೆ ಪಿಂಚಣಿಯೂ ಇಲ್ಲ.

ಈ ಹಲಗೆ ಗಂಡ ದ್ಯಾಮಪ್ಪನದು. ದ್ಯಾಮಪ್ಪನ ಅಪ್ಪನೂ ವಾಲಿಕಾರರೇ. ದ್ಯಾಮಪ್ಪ ಹಾವು ಕಚ್ಚಿ ತೀರಿಕೊಂಡ ವರ್ಷ ಆ ಜಾಗ ಫಕ್ಕೀರವ್ವನಿಗೆ ಬಂತು. ಹೆಂಗಸು ಹಲಗೆ ಹಿಡಿದು ಓಣಿ ಸುತ್ತುವುದೆಂದರೇನು ಎಂದು ಹಲವರು ಮುಖ ಸಿಂಡರಿಸಿದರು. ಮೊದಲ ದಿನ ಗಂಟಲಿನಿಂದ ದನಿಯೇ ಹೊರಡಲಿಲ್ಲವಂತೆ. "ಅವರು ಹೆಂಗ ಕೂಗ್ತಿದ್ರು ಅಂತ ನೆನಸಿಕೊಂಡೆ. ಅವರ ದನಿ ನನ್ನ ಬಾಯಾಗ ಬಂದಂಗಾತು. ಮುಂದ ಹೆದರಿಕಿ ಆಗಲಿಲ್ಲ ನೋಡ್ರಿ."

ದ್ಯಾಮಪ್ಪನ ಕಾಲದ ಮಾತು ತೆಗೆದರೆ ಫಕ್ಕೀರವ್ವನ ಮುಖವೇ ಬೇರೆಯಾಗುತ್ತದೆ. ಆಗ ಸುಗ್ಗಿಯಲ್ಲಿ ರಾಶಿ ಎದ್ದೊಡನೆ ಕಣದಲ್ಲಿಯೇ ವಾಲಿಕಾರನ ಪಾಲಿನ ಕಾಳು ಅಳೆದು ಕೊಡುತ್ತಿದ್ದರು. ಹೊರಗಿನಿಂದ ಯಾರೇ ಬರಲಿ, ಕುರಿಗಾರರು, ಬೀಸುಕಲ್ಲು ಕುಟ್ಟುವವರು, ಎತ್ತಿನ ಗಾಡಿಯ ಮೇಲೆ ಸಂಸಾರ ಹೇರಿಕೊಂಡು ಬರುವ ಕಮ್ಮಾರರು, ಮೊದಲು ಚಾವಡಿಗೆ ಬಂದು ತಮ್ಮ ಹೆಸರು, ಊರು, ಕಸುಬು ಹೇಳುತ್ತಿದ್ದರು. ದ್ಯಾಮಪ್ಪ ಅವರಿಗೆ ಬಿಡಾರದ ಜಾಗ ಮತ್ತು ಸಿಹಿನೀರಿನ ಬಾವಿ ತೋರಿಸಿ ಡಂಗುರ ಹೊಡೆಯುತ್ತಿದ್ದರು.

"'ಸವಣೂರು ಕಡಿಂದ ಕನಕಪ್ಪನ ಕುರಿ ಬಂದಾವು, ಗೊಬ್ಬರಕ್ಕ ಹೊಲದಾಗ ಕುರಿ ತರುಬಿಸೋರು ಚಾವಡಿಗೆ ಬರ್ರಿ' ಅಂತ ಕೂಗಿಬಿಟ್ರ ಮುಗೀತ್ರಿ. ಮತ್ತ ಅವರು ಯಾರು, ಎಂಥವರು ಅಂತ ಯಾರೂ ಕೇಳ್ತಿದ್ದಿಲ್ಲ. ನಮ್ಮ ಮಂದಿನ ಅವರಿಗೆ ರೊಟ್ಟಿ ಕಟ್ಟಿ ಕೊಡ್ತಿದ್ರು. ಆ ಕನಕಪ್ಪ ಹಿರೇಕೆರೂರು ಕಡೆ ಹೊಂಟಾಗ ನನಗೊಂದು ಕಂಬಳಿ ಕೊಟ್ಟು ಹೋದ. ಈಗ ಕುರಿಗಾರರೂ ಕಡಿಮಿ ಆದ್ರು, ಚಾವಡಿಗೆ ಬಂದು ಹೆಸರು ಹೇಳೋರೂ ಕಡಿಮಿ."

ಈಗ ಬರುವವರು ರೈಲಿನಲ್ಲಿ ಬರುತ್ತಾರೆ. ಊರ ಹೊರಗಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವರು ಬಿಹಾರದವರು. ಗಿರಣಿಯ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಅವರ ಸಂಸಾರ. ದಲ್ಲಾಳಿ ಕರೆತರುತ್ತಾನೆ, ಲಾರಿ ಇಳಿಸುತ್ತದೆ. ಚಾವಡಿ ಎಲ್ಲಿದೆಯೆಂದೇ ಅವರಿಗೆ ಗೊತ್ತಿಲ್ಲ.

ಕೆಲವು ವರ್ಷಗಳ ಹಿಂದೆ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಫೋನಿನಿಂದ ಫೋನಿಗೆ ಹಾರುತ್ತಿದ್ದ ಕಾಲವದು. ಒಂದು ಮಧ್ಯಾಹ್ನ ಊರಿನ ಪುಟ್ಟ ಹುಡುಗಿಯೊಬ್ಬಳು ಕಾಣಲಿಲ್ಲ. ಶೆಡ್ಡಿನ ಒಬ್ಬ ಬೆಳಿಗ್ಗೆ ಅಂಗಡಿಯಲ್ಲಿ ಬಿಸ್ಕಿಟ್ ಕೊಂಡಿದ್ದು ಒಬ್ಬರಿಗೆ ನೆನಪಾಯಿತು. ಅವರು ಈ ದೇಶದವರೇ ಅಲ್ಲ, ಗಡಿ ದಾಟಿ ಬಂದವರು ಎಂದು ಇನ್ನೊಬ್ಬರು ಸೇರಿಸಿದರು. ಚಾವಡಿಯ ಮುಂದೆ ಮಂದಿ ಕೂಡಿತು. ಕೆಲವರ ಕೈಯಲ್ಲಿ ಬಡಿಗೆಗಳಿದ್ದವು. ಹಿರಿಯರೆನಿಸಿಕೊಂಡ ನಾಲ್ಕಾರು ಜನ ಫಕ್ಕೀರವ್ವನನ್ನು ಕರೆಸಿದರು.

"ಹೊತ್ತು ಮುಣುಗೋದರಾಗ ಶೆಡ್ಡಿನವರು ಊರು ಬಿಡಬೇಕು. ಇಲ್ಲಾಂದ್ರ ಮುಂದಿಂದು ನಮಗ ಗೊತ್ತಿಲ್ಲ ಅಂತ ಡಂಗುರ ಹೊಡಿ."

"ಇದು ಸರಕಾರದ ಮಾತೇನ್ರಿ?" ಎಂದು ಕೇಳಿದರು ಫಕ್ಕೀರವ್ವ.

"ಊರಿನ ಮಾತು. ನಿನಗ ಹೇಳಿದ್ದಷ್ಟ ಕೂಗು."

ಹೇಳಿದ್ದಷ್ಟೇ ಕೂಗುವುದು ಆಕೆಯ ಕಸುಬು. ಅಷ್ಟು ವರ್ಷ ಬೇರೆಯವರ ಮಾತನ್ನೇ ಕೂಗಿದ್ದರು. ಹಲಗೆ ಹೆಗಲಿಗೆ ಹಾಕಿಕೊಂಡು ಹೊರಟವರು ಓಣಿಗೆ ಹೋಗಲಿಲ್ಲ, ನೇರ ಶೆಡ್ಡಿಗೆ ಹೋದರು. ಗಿರಣಿ ಕಾಯುವ ಇಸ್ಮಾಯಿಲಸಾಬರಿಗೆ ಹಿಂದಿ ಬರುತ್ತಿತ್ತು. ಅವರನ್ನು ಜೊತೆಗೆ ಕರೆದು ಒಂದೊಂದೇ ಬಾಗಿಲ ಮುಂದೆ ನಿಂತು ಹೆಸರು ಕೇಳಿದರು. ಗಂಡಸರು ಅಂಜಿ ಒಳಗೇ ಉಳಿದಿದ್ದರು. ಹೊರಗೆ ಬಂದವಳು ಎಳೆಗೂಸನ್ನು ಎತ್ತಿಕೊಂಡಿದ್ದ ಫೂಲಮತಿ.

"ನನ್ನ ಜೋಡಿ ಊರಾಗ ಬರ್ತಿಯೇನವ್ವಾ ಅಂತ ಕೇಳಿಸಿದೆ. ಇಸ್ಮಾಯಿಲ ಸಾಬಣ್ಣ ಬ್ಯಾಡ ಅಂದ. 'ಏನರ ಆದ್ರ ಯಾರು ಜವಾಬು?' ಅಂದ. ಆಕಿ ಮಾತ್ರ ಕೂಸಿಗೆ ಟೊಪ್ಪಿಗಿ ಹಾಕಿ ಬಂದ್ಲು."

ಮುಂದೆ ಹಲಗೆ, ಹಿಂದೆ ಫೂಲಮತಿ, ಅವರ ಹಿಂದೆ ಇಸ್ಮಾಯಿಲಸಾಬರು. ಊರಿನ ಅಗಸೆ ಬಾಗಿಲು ದಾಟಿ ಮೊದಲ ತಿರುವಿನಲ್ಲಿ ನಿಂತು ಫಕ್ಕೀರವ್ವ ಬಾರಿಸಿದರು. ಅಂದು ಕೂಗಿದ್ದನ್ನು ನನಗಾಗಿ ಈಗ ಮೆಲುದನಿಯಲ್ಲಿ ಹೇಳಿ ತೋರಿಸುತ್ತಾರೆ:

"ಕೇಳ್ರಪೋ ಕೇಳ್ರಿ. ಈಕಿ ಹೆಸರು ಫೂಲಮತಿ. ಗಂಡ ಮುನ್ನಾಲಾಲ. ಬಿಹಾರದಾಗ ಅರರಿಯಾ ಕಡೆಯವರು. ಗಿರಣ್ಯಾಗ ಚೀಲ ಹೊರಾಕ ಬಂದಾರ. ಕೂಸು ಅಕ್ಕಿಆಲೂರು ದವಾಖಾನ್ಯಾಗ ಹುಟ್ಟೇತಿ. ಗುರ್ತು ಹಿಡಕೊಳ್ರಪೋ."

ಎರಡನೆಯ ತಿರುವಿನಲ್ಲಿ ಶೆಡ್ಡಿನಲ್ಲಿದ್ದ ಉಳಿದವರ ಹೆಸರು ಹೇಳಿದರು. ಬಡಿಗೆ ಹಿಡಿದವರು ಎದುರಿಗೆ ಬಂದರು. ಯಾರೋ ಹಲಗೆ ಕಸಿಯಲು ಕೈ ಹಾಕಿದರು. ಆಗ ಸುಶೀಲವ್ವ ಎಂಬ ವಯಸ್ಸಾದ ಹೆಂಗಸು ಮನೆಯ ಕಟ್ಟೆ ಇಳಿದು ಬಂದು ಫೂಲಮತಿಯ ಕೂಸನ್ನು ಎತ್ತಿಕೊಂಡು ಅದೇ ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ಇನ್ನೂ ಕೆಲವು ಹೆಂಗಸರು ಬಂದು ಸುತ್ತ ಕೂತರು. ಕೂಸು ಅಳುತ್ತಿತ್ತು. ಹೆಂಗಸರ ನಡುವೆ ನುಗ್ಗಲು ಯಾರಿಗೂ ಧೈರ್ಯವಾಗಲಿಲ್ಲ. ಹೊತ್ತು ಮುಳುಗುವಾಗ ತಡಸದ ಕಡೆಯಿಂದ ಬಂದ ಬಸ್ಸಿನಿಂದ ಕಾಣೆಯಾಗಿದ್ದ ಹುಡುಗಿ ಸೋದರಮಾವನ ಕೈಹಿಡಿದು ಇಳಿದಳು. ಮಾವ ಮನೆಯಲ್ಲಿ ಹೇಳುವುದನ್ನು ಮರೆತು ಕರೆದುಕೊಂಡು ಹೋಗಿದ್ದ.

ಊರು ಅಂದು ಉಳಿಯಿತು. ಫಕ್ಕೀರವ್ವನ ಕೆಲಸ ಉಳಿಯಲಿಲ್ಲ. ಅಪ್ಪಣೆಯಿಲ್ಲದೆ ಡಂಗುರ ಹೊಡೆದಳು, ಹಿರಿಯರ ಮಾತು ಮೀರಿದಳು ಎಂದು ಮೇಲೆ ದೂರು ಹೋಯಿತು. ನಾಳೆಯಿಂದ ಬರಬೇಡ ಎಂದು ಬಾಯಿಮಾತಿನಲ್ಲಿ ತಿಳಿಸಿದರು. ಕಾಗದವೊಂದನ್ನೂ ಕೊಡಲಿಲ್ಲ. ಅತ್ತ ಶೆಡ್ಡಿನ ಅರ್ಧ ಸಂಸಾರಗಳು ಅದೇ ವಾರ ಗಂಟು ಕಟ್ಟಿಕೊಂಡು ಹೋದವು. ಒಂದು ಮಳೆಗಾಲ ಪೂರ್ತಿ ಫಕ್ಕೀರವ್ವ ಬೇರೆಯವರ ಗದ್ದೆಯಲ್ಲಿ ಸಸಿ ಹಚ್ಚಿದರು. ಪಕ್ಕದ ಸಾಲಿನಲ್ಲಿ ಸಸಿ ಹಚ್ಚಲು ಕಲಿಯುತ್ತಿದ್ದವಳು ಫೂಲಮತಿ. ಆಕೆಯ ಸಂಸಾರ ಹೋಗಿರಲಿಲ್ಲ.

ಆ ಮಳೆಗಾಲದ ಕೊನೆಯಲ್ಲಿ ಕೆರೆಯ ಏರಿ ಬಿರುಕು ಬಿಟ್ಟಾಗ ಜನರನ್ನು ಎಬ್ಬಿಸಲು ಯಾರೂ ಇರಲಿಲ್ಲ. ಕೆಳಗಿನ ಓಣಿಯ ಮನೆಗಳಿಗೆ ನೀರು ನುಗ್ಗಿತು. ಮರುವಾರ ಫಕ್ಕೀರವ್ವನಿಗೆ ಕರೆ ಬಂತು. "ಯಾಕ ಬಿಡಿಸಿದ್ರು ಅಂತ ಹೇಳಲಿಲ್ಲ, ಯಾಕ ಕರದ್ರು ಅಂತನೂ ಹೇಳಲಿಲ್ಲ. 'ಬಾ' ಅಂದ್ರು, ಹೋದೆ. ನಮ್ಮಂಥವರ ನೌಕರಿ ಹಂಗ ಐತ್ರಿ. ಹೊರಗಿನಿಂದ ಬಂದವರಿಗಿ ಊರಾಗ ಹೆಂಗೋ, ನಮಗ ಸರಕಾರದಾಗ ಹಂಗ. ದುಡಿಯಾಕ ಬೇಕು, ನಮ್ಮವರು ಅನ್ನಾಕ ಬ್ಯಾಡ."

ಈಗ ಹೊರಗಿನ ಕೂಲಿಕಾರರ ಕಾಗದಪತ್ರ ನೋಡಲು ಆಗಾಗ ಅಧಿಕಾರಿಗಳು ಬರುತ್ತಾರೆ. ಶೆಡ್ಡು ತೋರಿಸುವುದು ಫಕ್ಕೀರವ್ವನ ಕೆಲಸ. ತೋರಿಸಲು ಆಕೆಗೆ ಬೇಸರವಿಲ್ಲ. "ಯಾರು ಬಂದ್ರು, ಯಾರು ಹೋದ್ರು ಅಂತ ಸರಕಾರಕ್ಕ ಗೊತ್ತಿರಬೇಕ್ರಿ. ಮೊದಲೂ ಚಾವಡ್ಯಾಗ ಕೇಳ್ತಿದ್ದಿವಲ್ಲ. ಆದ್ರ ಕುಂದ್ರಿಸಿ, ನೀರು ಕೊಟ್ಟು ಕೇಳ್ತಿದ್ದಿವಿ. ಈಗ ನಿಂದರಿಸಿ, ಗದರಿಸಿ ಕೇಳ್ತಾರ. ಹೆದರಿದ ಮನಷ್ಯಾ ತನ್ನ ಹೆಸರೂ ತಪ್ಪಿ ಹೇಳ್ತಾನ."

ಮಾತಾಡುತ್ತಲೇ ಚಾವಡಿಗೆ ಮರಳಿದ್ದೇವೆ. ಬಿಸಿಲು ಕಟ್ಟೆಗೆ ಬಂದಿದೆ. ಈಚೆಗೆ ವರ್ಗವಾಗಿ ಬಂದ ಗ್ರಾಮ ಆಡಳಿತ ಅಧಿಕಾರಿ ಮಂಜುಳಾ ಶಿಗ್ಗಾವಿಯವರು ಒಳಗಿದ್ದಾರೆ. ಒಳ್ಳೆಯ ಹೆಣ್ಣುಮಗಳು. ಚಹಾ ತರಿಸಿ, ತಮ್ಮ ಪಕ್ಕದ ಕುರ್ಚಿ ಸರಿಸಿ, "ಕುಂದರ್ರಿ ಅವ್ವಾ" ಎನ್ನುತ್ತಾರೆ. ಫಕ್ಕೀರವ್ವ ಗೋಡೆಗೆ ಒರಗಿ ನಿಂತೇ ಚಹಾ ಕುಡಿಯುತ್ತಾರೆ. ಬರುವ ವರ್ಷ ವಯಸ್ಸು ತುಂಬಿ ಕೆಲಸ ಬಿಡಬೇಕು. ಯಾಕೆ ಕೂರುವುದಿಲ್ಲ ಎಂದು ನಾನು ಕೇಳುತ್ತೇನೆ.

"ನಮ್ಮ ಮನಿಯವರು ಸಾಯೂತನಕ ಈ ಚಾವಡ್ಯಾಗ ನಿಂತ ಚಾ ಕುಡದ್ರು. ಮೇಡಮ್ಮಾರು ಪ್ರೀತಿಲೆ ಕುಂದ್ರು ಅಂತಾರ, ಅವರಿಗಿ ದೇವರು ಚಲೋ ಮಾಡ್ಲಿ. ಆದ್ರ ನಾಳೆ ಇವರಿಗಿ ಬದ್ಲಿ ಆದ್ರ? ಮತ್ತೊಬ್ಬರು ಬಂದು ಏಳು ಅಂದ್ರ?"

ಬಟ್ಟಲು ತೊಳೆದು ಕಿಟಕಿಯಲ್ಲಿ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಈಕಿ ಸರಕಾರದ ನೌಕರದಾಕಿ ಅಂತ ಸರಕಾರನ ಬರದು ಕೊಡ್ಲಿ. ನನಗ ಸಿಗದಿದ್ರೂ ನನ್ನ ಹಿಂದ ಬರೋರಿಗರ ಕೊಡ್ಲಿ. ಆ ದಿನ ಇಲ್ಲಿಗೆ ಬರ್ತೇನಿ, ಕುಂತು ಚಾ ಕುಡಿತೇನಿ. ಅಲ್ಲೀತನಕ ನಿಂತರ ನನಗೇನು ಕಾಲು ನೋಯಾಂಗಿಲ್ರಿ."