ಎರಡು ತಾಸಿನ ಪಾಳಿಗೆ ಹೋದವರನ್ನು ತಾಯಿ ಕಾಯ್ದಳು

ಹೋದ ವರ್ಷ ಆಷಾಢದ ಒಂದು ಮಂಗಳವಾರ. ಖಾನಾಪುರದ ನಮ್ಮ ಮನೆಯಲ್ಲಿ ಚಟ್ನಿಗೆಂದು ಶೇಂಗಾ ಹುರಿಯುತ್ತಿದ್ದೆ. ಬಾಜು ಮನೆಯ ಸುನಂದಾ ಒದ್ದೆ ಕಾಲಲ್ಲೇ ಒಳಗೆ ಬಂದಳು. "ಅಕ್ಕಾ, ಮೊದಲ ಒಲಿ ಆರಿಸು. ಬಿದ್ದ ಮರ ಕಡಿಯೂ ಮುಂದ ಟೊಂಗಿ ಮುರದು ಪಂಚಾಯಿತಿ ಮಂದಿ ಮ್ಯಾಲ ಬಿದ್ದೈತಂತ. ಇಬ್ಬರನ್ನ ಬೆಳಗಾವಿಗೆ ಒಯ್ದಾರ."

ನನ್ನ ಯಜಮಾನರು ಈರಪ್ಪ ಪಟ್ಟಣ ಪಂಚಾಯಿತಿಯಲ್ಲಿ ಕಾಯಂ ನೌಕರರಲ್ಲ. ಮಳೆ ಜೋರಾದಾಗ, ಯಾರಾದರೂ ರಜೆ ಹಾಕಿದಾಗ ಫೋನು ಬರುತ್ತದೆ. ಒಮ್ಮೆ ಎರಡು ತಾಸು, ಒಮ್ಮೆ ಅರ್ಧ ದಿನ. ಫೋನು ಬರದ ವಾರಗಳೂ ಇವೆ. ಅಂದು ಬೆಳಿಗ್ಗೆ ಎರಡು ತಾಸಿನ ಪಾಳಿಗೆ ಫೋನು ಬಂದಿತೆಂದು ನಾನೇ ದೇವರಿಗೆ ಊದಿನಕಡ್ಡಿ ಹಚ್ಚಿದ್ದೆ.

ಅವರಿಗೆ ಫೋನು ಹಚ್ಚಿದರೆ ಹತ್ತಲಿಲ್ಲ. ಉಟ್ಟ ಸೀರೆಯಲ್ಲೇ ಬೆಳಗಾವಿಯ ಬಸ್ಸು ಹತ್ತಿದೆ. ನಿಂತೇ ಹೊರಟವಳಿಗೆ ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು. ಅದೂ ನಮ್ಮ ಮಾವುಲಿ ದೇವಿಯ ದಯೆಯೇ. ದಾರಿಯುದ್ದಕ್ಕೂ ನನ್ನ ಬಾಯಲ್ಲಿ ಒಂದೇ ಮಾತು: "ಕಣಕುಂಬಿಯ ಮಾವುಲಿ ತಾಯಿ, ನಮ್ಮನಿಯವರನ್ನ ಉಳಸು."

ಆಸ್ಪತ್ರೆಯ ಬಾಗಿಲಲ್ಲಿ ಕುಳಿತವರು ಪುಸ್ತಕ ನೋಡಿದರು.

"ಖಾನಾಪುರದಿಂದ ಇಬ್ಬರು ಬಂದಾರ ನೋಡವ್ವಾ. ಮಾರುತಿ, ಪರಶುರಾಮ. ಈರಪ್ಪ ಅನ್ನಾವ್ರು ಯಾರೂ ಇಲ್ಲ."

"ಇನ್ನೊಮ್ಮೆ ನೋಡ್ರಿ ಅಣ್ಣಾ."

"ಇರೂವ ಎರಡ ಹೆಸರು, ಎಷ್ಟ ಸಲ ನೋಡ್ಲಿ?"

ನೆಮ್ಮದಿಯಾಗಬೇಕಿತ್ತು, ಆದರೆ ಹೆದರಿಕೆಯೇ ಹೆಚ್ಚಿತು. ಇಲ್ಲಿಲ್ಲ, ಫೋನಿಗೂ ಸಿಗುತ್ತಿಲ್ಲ. ಇನ್ನೂ ಆ ಟೊಂಗೆಯ ಅಡಿಯಲ್ಲೇ ಇದ್ದಾರೆಯೇ? ಯಾರೂ ನೋಡಿಲ್ಲವೇ? ಪೆಟ್ಟಾದವರನ್ನು ತಂದ ಗಾಡಿ ಮರಳಿ ಹೋಗಿತ್ತು, ಕೇಳಲು ಗುರುತಿನವರಿರಲಿಲ್ಲ. ತಿರುಗಿ ಊರಿಗೆ ಓಡಿ ಹುಡುಕಬೇಕೆಂದು ಮೆಟ್ಟಿಲಿಳಿಯತೊಡಗಿದೆ.

ಆಗ ನರ್ಸ್ ಒಬ್ಬರು ಹೊರಗೆ ಬಂದು ಕೂಗಿದರು. "ಪರಶುರಾಮನ ಕಡಿಯವರು ಯಾರರೆ ಅದೀರೇನು? ತಲಿಗೆ ಪೆಟ್ಟು ಬಿದ್ದೈತಿ, ಎಚ್ಚರಿಲ್ಲ, ಈಗ ಆಪರೇಶನ್‌ಗೆ ಒಯ್ಯಬೇಕು. ಯಾವ ಔಷಧ ಆಗಿಬರಾಂಗಿಲ್ಲ ಅಂತ ಹೇಳೋರು ಬೇಕ್ರಿ!"

ಯಾರೂ ಏಳಲಿಲ್ಲ. ಪರಶುರಾಮ ಕಾಯಂ ನೌಕರ, ನಮ್ಮವರಿಗೆ ಈ ಕೆಲಸದ ದಾರಿ ತೋರಿಸಿದವನು. ಅವನ ಹೆಂಡತಿ ಎಲ್ಲಿದ್ದಾಳೋ. ಖರೇ ಹೇಳುತ್ತೇನೆ, ಕೇಳಿಸದವಳಂತೆ ಹೋಗಿಬಿಡೋಣ ಅನ್ನಿಸಿತು. ಬಾಯಿ ಮಾತ್ರ, "ತಾಯಿ, ಅವನನ್ನೂ ಉಳಸವ್ವಾ," ಎಂದಿತು. ಹಾಗೆ ಬೇಡಿಕೊಂಡ ಮೇಲೆ ಹೋಗುವುದು ಹೇಗೆ?

"ನಾ ಅವರ ಊರಾಕಿರಿ, ಗೊತ್ತಿದ್ದಷ್ಟು ಹೇಳ್ತೀನಿ," ಎಂದು ಒಳಗೆ ಹೋದೆ.

ಹಾಸಿಗೆಯ ಮೇಲೆ ಪರಶುರಾಮನಿರಲಿಲ್ಲ. ತಲೆಗೆ ಪಟ್ಟಿ ಸುತ್ತಿಸಿಕೊಂಡು, ಮುಖ ಬಾತು ಮಲಗಿದ್ದವರು ನನ್ನ ಯಜಮಾನರು.

"ಇವರು ನಮ್ಮನಿಯವರ್ರೀ! ಈರಪ್ಪ!" ಎಂದು ಚೀರಿದೆ.

ನರ್ಸ್ ತೋಳು ಹಿಡಿದರು. "ಅಳೂದು ಆಮ್ಯಾಲವ್ವಾ. ಮೊದಲ ಔಷಧದ್ದು ಹೇಳು."

ಹಿಂದೊಮ್ಮೆ ಕಾಲಿನ ಕೀವಿಗೆ ಕೊಟ್ಟ ಸೂಜಿಯಿಂದ ಅವರ ಗಂಟಲು ಬಿಗಿದು, ಉಸಿರೇ ನಿಂತಂತಾಗಿತ್ತು. ಆ ಔಷಧದ ಹೆಸರು ಬರೆದ ಚೀಟಿ ನನ್ನ ಪರ್ಸಿನಲ್ಲೇ ಇತ್ತು. ಡಾಕ್ಟರು ಓದಿ, "ಇದನ್ನ ಕೊಡವ್ರಿದ್ವಿ ತಾಯಿ," ಎಂದರು.

ಆಮೇಲೆ ತಿಳಿಯಿತು. ಪರಶುರಾಮ ಮನೆಯವರೊಂದಿಗೆ ನಂದಗಡಕ್ಕೆ ಹೋಗಬೇಕಾಗಿ, ಅವನ ಬದಲಿಗೆ ನಮ್ಮವರನ್ನು ಕರೆದಿದ್ದರು. ಮಳೆಯೆಂದು ಇವರು ಅವನ ರೇನ್‌ಕೋಟನ್ನೇ ತೊಟ್ಟಿದ್ದರು. ಅವನ ಗುರುತಿನ ಚೀಟಿ ಅದರ ಕಿಸೆಯಲ್ಲಿತ್ತು, ಆಸ್ಪತ್ರೆಯವರು ಅದನ್ನು ನೋಡಿಯೇ ಹೆಸರು ಬರೆದುಕೊಂಡಿದ್ದರು. ಬದಲಿಯವರಿಗೆ ಚೀಟಿ ಎಲ್ಲಿಯದು? ತೋಯ್ದ ಫೋಟೋದಲ್ಲಿ ಯಾರ ಮುಖವೆಂದು ಯಾರಿಗೆ ತಿಳಿಯಬೇಕು?

ಯಜಮಾನರು ಮನೆಗೆ ಬಂದ ಮರುದಿನ ಪರಶುರಾಮ ನೋಡಲು ಬಂದ. "ನನ್ನ ಪಾಳಿ ಮಾಡಂದ್ರ ನನ್ನ ಪೆಟ್ಟೂ ತಿಂದು ಕುಂತ್ಯಲ್ಲೋ ಈರ್ಯಾ!" ಎಂದವನ ಕಣ್ಣು ತುಂಬಿತ್ತು. ನಮ್ಮವರು ನಕ್ಕರು, ಹೊಲಿಗೆ ಎಳೆದು ನರಳಿದರು.

ಬಂಧುಗಳೇ, ನಾನು ನನ್ನವರನ್ನಷ್ಟೇ ಬೇಡುತ್ತ ಹೋಗಿದ್ದೆ. ಆ ಮೆಟ್ಟಿಲ ಮೇಲೆ ಇನ್ನೊಬ್ಬರಿಗಾಗಿ ಬೇಡುವಂತೆ ಮಾಡಿದವಳು, ಹಾಗೆಯೇ ತಿರುಗಿಸಿ ನನ್ನವರ ಬಳಿ ನಿಲ್ಲಿಸಿದವಳು ಆ ತಾಯಿ. ಈಗ ಸಂಜೆ ದೀಪ ಹಚ್ಚುವಾಗ ಮೊದಲು ಬೇರೆ ಮನೆಯವರ ಹೆಸರು ಹೇಳುತ್ತೇನೆ, ಆಮೇಲೆ ನಮ್ಮದು.

ಅಂದು ಪರಶುರಾಮ ಹೋಗುವಷ್ಟರಲ್ಲಿ ಯಜಮಾನರಿಗೆ ಗಂಜಿಯ ಹೊತ್ತಾಗಿತ್ತು. ಮೊರ ತಗೊಂಡು ನುಚ್ಚು ಕೇರಲು ಕುಳಿತೆ.