ಪೌನೇ ತೀನ್

ಲೀಲಾವತಿಗೆ ನೌಕರಿ ಸಿಕ್ಕಿದ್ದು ಗಂಡ ಸತ್ತದ್ದರಿಂದ. ಅದನ್ನು ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ. ಆಮದು ಸರಕಿನ ತಪಾಸಣೆ ನಡೆಸುವ ದೆಹಲಿಯ ಕಚೇರಿಯೊಂದರಲ್ಲಿ ಅವನು ಗುಮಾಸ್ತ, ಇವಳು ಮಗಳೊಂದಿಗೆ ತಿಪಟೂರಿನಲ್ಲಿ. ೨೦೦೩ರಲ್ಲಿ ಅವನು ತೀರಿಕೊಂಡಾಗ ಅನುಕಂಪದ ಮೇಲೆ ಅವನ ಕುರ್ಚಿ ಇವಳಿಗೆ ಬಂತು. ಅದಕ್ಕಾಗಿ ಕಡತ ಹಿಡಿದು ಮಹಡಿ ಮಹಡಿ ಅಲೆದವರು ಮೇಲಧಿಕಾರಿ ಅನಂತಮೂರ್ತಿ. ಮೈಸೂರಿನವರು, ದೆಹಲಿಯಲ್ಲಿ ಮೂವತ್ತು ವರ್ಷ ಸವೆಸಿದವರು.

ಮಗಳೊಂದಿಗೆ ದೆಹಲಿಯ ಲಕ್ಷ್ಮೀ ನಗರದ ಬಾಡಿಗೆ ಕೋಣೆಗೆ ಬಂದು ಐದು ತಿಂಗಳಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೈಸ್ಕೂಲಿನಲ್ಲಿ ಕಲಿತ ಹಿಂದಿ ತರಕಾರಿ ಭಯ್ಯಾನ ಮುಂದೆ ಹೇಗೋ ನಡೆಯುತ್ತಿತ್ತು. ಫೋನಿನಲ್ಲಿ ಮಾತ್ರ ಕೈಕೊಡುತ್ತಿತ್ತು.

ಆಗ ಬಂದದ್ದು ಹರಪಾಲನ ಗೋಣಿಬಟ್ಟೆ. ಫರೀದಾಬಾದಿನಲ್ಲಿ ಹನ್ನೊಂದು ಜನ ಹೆಂಗಸರನ್ನು ಕೂರಿಸಿಕೊಂಡು ಕೈಚೀಲ ಹೊಲಿಸುತ್ತಿದ್ದ ಸಣ್ಣ ಆಸಾಮಿ. ಬಾಂಗ್ಲಾದೇಶದಿಂದ ಮೊದಲ ಸಲ ತಾನೇ ಬಟ್ಟೆ ತರಿಸಿದ್ದ. ಸೆಣಬು ಮೆತ್ತಗಾಗಲೆಂದು ಗಿರಣಿಯಲ್ಲಿ ಎಣ್ಣೆ ಹಾಕುತ್ತಾರೆ. ಬಟ್ಟೆಯಲ್ಲಿ ಅದು ನೂರಕ್ಕೆ ಮೂರು ಪಾಲು ಮೀರಿದರೆ ಒಳಗೆ ಬಿಡುವಂತಿಲ್ಲ. ತುಣುಕೊಂದು ಪ್ರಯೋಗಾಲಯಕ್ಕೆ ಹೋಯಿತು.

ಅಲ್ಲಿನ ಫ್ಯಾಕ್ಸ್ ಕೆಟ್ಟಿತ್ತು. ಫೋನಿನಲ್ಲೇ ಹೇಳಿದರು: "ತೇಲ್ ಪೌನೇ ತೀನ್."

ತೇಲ್ ಎಂದರೆ ಎಣ್ಣೆ, ಪೌನೇ ಎಂದರೆ ಮುಕ್ಕಾಲು, ತೀನ್ ಎಂದರೆ ಮೂರು. ಮೂರೂ ಮುಕ್ಕಾಲು! ಕನ್ನಡದ ಕಿವಿ ಹಾಗೆಯೇ ಕೂಡಿಸುತ್ತದೆ. ಕಡತದಲ್ಲಿ ೩.೭೫ ಎಂದು ದುಂಡಗೆ ಬರೆದಳು. ಅನಂತಮೂರ್ತಿ ಸಹಿ ಹಾಕಿದರು. ಮಾಲು ವಾಪಸು ಕಳಿಸಬೇಕೆಂದು ಆದೇಶವಾಯಿತು.

ಹರಪಾಲ ಒಂಬತ್ತು ದಿನ ಕಚೇರಿಯ ಬೆಂಚು ಸವೆಸಿದ. ಮರುಪರೀಕ್ಷೆಗೆ ಅವನು ಕೊಟ್ಟ ಅರ್ಜಿ ಬೇರೆ ಅರ್ಜಿಗಳ ಅಡಿಯಲ್ಲಿ ಹಾಯಾಗಿ ಮಲಗಿತ್ತು. ಈ ಬಟ್ಟೆ ಹೋದರೆ ಹೊಲಿಗೆಮನೆ ಮುಚ್ಚಿದಂತೆಯೇ ಎಂದು ಕಂಡಕಂಡವರಿಗೆಲ್ಲ ಹೇಳಿದ. ಕೇಳಿಸಿಕೊಂಡವಳು ಲೀಲಾವತಿ ಒಬ್ಬಳೇ. ಕುಡಿಯಲು ನೀರು ಕೊಟ್ಟಳು.

ಹತ್ತನೆಯ ದಿನ ಟಪಾಲಿನಲ್ಲಿ ಪ್ರಯೋಗಾಲಯದ ವರದಿ ಬಂತು. ಎಣ್ಣೆ, ೨.೭೫. ಅವರೇ ತಪ್ಪು ಬರೆದಿದ್ದಾರೆಂದುಕೊಂಡು ಫೋನು ಮಾಡಿದಳು.

"ನಾನು ಪೌನೇ ತೀನೇ ಹೇಳಿದ್ದು ಮೇಡಂ," ಎಂದ ಆಚೆಯವನು. "ಮೂರಕ್ಕೆ ಕಾಲು ಕಮ್ಮಿ."

ಸುಳ್ಳೇಕೆ, ಬಚ್ಚಿಡುವ ಯೋಚನೆ ಆಗ ಬರಲಿಲ್ಲ. ನೆಟ್ಟಗೆ ಅನಂತಮೂರ್ತಿಯವರ ಕೋಣೆಗೆ ಹೋದಳು.

"ಸರ್, ನನ್ನಿಂದ ತಪ್ಪಾಗಿದೆ. ಸಂಜೆ ಆ ಬಟ್ಟೆ ವಾಪಸು ಹೋಗೋ ಲಾರಿ ಹೊರಡತ್ತೆ. ನಿಲ್ಲಿಸಿ ಸರ್."

ಅವರು ವರದಿ ಓದಿದರು. ಇನ್ನೊಮ್ಮೆ ಓದಿದರು. "ಬಾಗಿಲು ಹಾಕಮ್ಮ."

ಹಾಕಿದಳು.

"ವರದಿ ನೋಡದೆ ಸಹಿ ಹಾಕಿದೀನಿ ನಾನು. ಡಿಸೆಂಬರಿಗೆ ರಿಟೈರ್‌ಮೆಂಟು. ನೀನಂತೂ ಕಾಯಂ ಕೂಡ ಆಗಿಲ್ಲ. ಎನ್‌ಕ್ವೈರಿ ಅಂದ್ರೆ ಮೊದಲು ಹೊರಗೆ ಹೋಗೋದು ನೀನೇ. ಮಗುನ ಕಟ್ಕೊಂಡು ಎಲ್ಲಿಗೆ ಹೋಗ್ತೀಯ?"

"ಆ ಹೊಲಿಗೆಮನೆಯವರ ಗತಿ ಏನು ಸರ್?"

"ಈ ಕಾಗದ ನಾಳೆ ಬಂತು. ತಿಳೀತಾ? ನಾಳೆ ತಾರೀಕಿನ ಮೊಹರು ಹಾಕು. ಅಷ್ಟೊತ್ತಿಗೆ ಮಾಲು ಹೋಗಿರತ್ತೆ, ಕಡತ ಮುಚ್ಚೋಣ."

ಅನಂತಮೂರ್ತಿ ಕೆಟ್ಟವರಲ್ಲ. ಹೊಟ್ಟೆ ಉರಿಯುವುದೇ ಅದಕ್ಕೆ. ಅವಳಿಗೆ ಅನ್ನದ ದಾರಿ ತೋರಿಸಿದ್ದ ಮನುಷ್ಯ, ಈಗಲೂ ಅವಳ ಅನ್ನದ ಮಾತನ್ನೇ ಆಡುತ್ತಿದ್ದರು. ಲೀಲಾವತಿ ತನ್ನ ಮೇಜಿಗೆ ಬಂದು ಮೊಹರಿನ ತಾರೀಕನ್ನು ಒಂದು ಮನೆ ತಿರುಗಿಸಿದಳು. ಒತ್ತಿದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು, ಆದರೂ ಸರಿಯಾಗಿ ಮೂಡಿದೆಯೇ ಎಂದು ಬಗ್ಗಿ ನೋಡಿದಳು.

ಸಂಜೆ ಲಾರಿಗಳು ಹೊರಟ ಮೇಲೆ ಹರಪಾಲ ಬಂದ.

"ಬೆಹೆನ್‌ಜೀ, ಒಂದೇ ಮಾತು. ಎಣ್ಣೆ ಎಷ್ಟು ಬಂದಿತ್ತು? ಯಾರೂ ಹೇಳ್ಲಿಲ್ಲ. ನಮ್ಮ ಹೆಂಗಸರಿಗೆ ಏನಾದ್ರೂ ಹೇಳ್ಬೇಕಲ್ಲ."

ಲೀಲಾವತಿ ಅವನ ಮುಖ ನೋಡಲಿಲ್ಲ. "ಪೌನೇ ಚಾರ್," ಎಂದಳು. ನಾಲ್ಕಕ್ಕೆ ಕಾಲು ಕಮ್ಮಿ. ಈ ಸಲ ಹಿಂದಿಯಲ್ಲಿ ತಪ್ಪಿರಲಿಲ್ಲ.

"ಅಚ್ಛಾ," ಎಂದ ಹರಪಾಲ. "ಹಾಗಾದ್ರೆ ತಪ್ಪು ನಂದೇ."

ಅವಳಿಗೆ ಕೈಮುಗಿದು ಮೆಟ್ಟಿಲಿಳಿದು ಹೋದ.