ಎಸ್ತರಬಾಯಿಯ ಎಣ್ಣೆ ಚೀಟಿ

ಗೆಳೆಯರೇ, ಬೀದರದ ನನ್ನ ಬಿದ್ರಿ ಅಂಗಡಿಯನ್ನು ಇವತ್ತು ಉಳಿಸಿದ್ದು ಒಂದು ಎಣ್ಣೆ ಚೀಟಿ.

ಇಪ್ಪತ್ತು ಹೂದಾನಿಗಳು ದುಬೈಗೆ ಹೊರಟಿದ್ದವು. ಕೊಂಡವನು ಅಲ್ಲೇ ನೆಲೆಸಿರುವ ಭಾಲ್ಕಿ ಕಡೆಯ ವ್ಯಾಪಾರಿ. ಬ್ಯಾಂಕಿನ ಫಾರಂನಲ್ಲಿ 'ಸರಕು ಕೊನೆಗೆ ಸೇರುವ ಸ್ಥಳ' ಎಂಬಲ್ಲಿ ನಾನು ಯಾರನ್ನೂ ಕೇಳದೆ ದುಬೈ ಎಂದು ಬರೆದು, ಸಹಿ ಹಾಕುವುದರಲ್ಲಿದ್ದೆ.

ನಮ್ಮಲ್ಲಿ ಪ್ಯಾಕಿಂಗ್ ಮಾಡುವ ಎಸ್ತರಬಾಯಿ ಪ್ರತಿ ಡಬ್ಬಿಯಲ್ಲೂ ಒಂದು ಚೀಟಿ ಇಡುತ್ತಾರೆ. ಬಿದ್ರಿಯ ಕಪ್ಪು ಮಾಸದಂತೆ ಎಷ್ಟು ದಿನಕ್ಕೊಮ್ಮೆ ಕೊಬ್ಬರಿ ಎಣ್ಣೆ ಒರೆಸಬೇಕೆಂದು, ಆಯಾ ಊರಿನ ಹವೆ ನೋಡಿ ಬರೆಯುತ್ತಾರೆ. ಅದಕ್ಕೇ ಆ ವ್ಯಾಪಾರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಕೇಳಿದರು: "ಅಣ್ಣೋರ, ಇವು ಯಾವ ಊರಾಗ ಇರ್ತಾವ್ರಿ? ಅಲ್ಲಿ ಸಮುದ್ರದ ಹವಾ ಇರ್ತದೇನ್ರಿ?"

"ಸಮುದ್ರ ಎಲ್ಲಿಂದ ಬರಬೇಕ್ರಿ ಅಕ್ಕೋರ! ದುಬೈದಾಗ ಬರೀ ಡಬ್ಬಿ ಬದಲ್ ಮಾಡ್ತೇವಿ" ಎಂದವನು, ಮಾಲು ಮುಂದೆ ಹೋಗುವ ಊರಿನ ಹೆಸರನ್ನೂ ಹೇಳಿಬಿಟ್ಟ. ಆ ಊರಿರುವ ದೇಶ, ಬ್ಯಾಂಕಿನವರು ಕೊಟ್ಟ, ಮಾಲು ಕಳಿಸಬಾರದ ದೇಶಗಳ ನಿರ್ಬಂಧದ ಪಟ್ಟಿಯಲ್ಲಿದೆ. ಪಟ್ಟಿ ನನ್ನ ಬೆನ್ನ ಹಿಂದಿನ ಗೋಡೆಯ ಮೇಲೇ ಇತ್ತು! ಕಳಿಸಿದ್ದರೆ ನಮ್ಮ ಖಾತೆ ಬಂದ್, ಆರು ಕಾರೀಗರರ ಕೆಲಸವೂ ಬಂದ್.

ಈ ಮಾಲು ಕಳಿಸಲಾರೆ ಎಂದೆ.

"ಕಾಗದದ ಮ್ಯಾಲ ದುಬೈ ಅಂತ ಬರೀರಿ, ಯಾರ್ ನೋಡ್ತಾರ?" ಎಂದ ಅವನು.

ನನಗಿಂತ ಮೊದಲು ಎಸ್ತರಬಾಯಿಯೇ ಹೇಳಿದರು: "ಹಂಗ ಸುಳ್ ಬರದ್ರ ಎಣ್ಣಿ ಲೆಕ್ಕ ತಪ್ತದ್ರಿ." ಫೋನ್ ಇಟ್ಟು, ಇಪ್ಪತ್ತೂ ಹೂದಾನಿಗಳನ್ನು ಒಂದೊಂದಾಗಿ ಒರೆಸಿ ಮತ್ತೆ ಕಪಾಟಿಗೆ ಸೇರಿಸಿದರು.

ನಿರ್ಬಂಧದ ನಿಯಮ ಕಲಿಯಲು ಬ್ಯಾಂಕಿನ ತರಬೇತಿಗೆ ಹೋಗಿ ಬಂದವನು ನಾನು. ಅಲ್ಲಿ ಸಮೋಸಾ ಚೆನ್ನಾಗಿತ್ತು.